ಕಣ್ಣು ಬಿಟ್ಟುಕೊಂಡು ಮಾಡುವ ಧ್ಯಾನ

ನಿದ್ದೆ ಬಾರದೆ ಒದ್ದಾಡುವ ಮೆಡಿಕಲ್ ಶಾಪಿನವನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಕಡೂರಿಗೆ ಬನ್ನಿ. ಬೆಳಿಗ್ಗೆ ಒಂಬತ್ತಕ್ಕೆ ಕೌಂಟರಿನ ಹಿಂದೆ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿರುತ್ತೇನೆ.

ಸುಸ್ತು. ಈ ಅಂಕಣವನ್ನು ಬಿಡದೆ ಓದುವವರಿಗೆ ಅದು ಗೊತ್ತಾಗಿಯೇ ಇರುತ್ತದೆ. "ಏನ್ರೀ, ಬರ್ತಾ ಬರ್ತಾ ಸಪ್ಪೆ ಆಗ್ತೈತೆ ನಿಮ್ಮ ಬರಹ" ಎಂದು ಇಬ್ಬರು ಅಂಗಡಿಗೇ ಬಂದು ಹೇಳಿ ಹೋದರು. (ಒಬ್ಬರು ಕೆಮ್ಮಿನ ಸಿರಪ್ಪನ್ನೂ ತೆಗೆದುಕೊಂಡರು.) ವಯಸ್ಸಾಯ್ತು, ಕೆಲಸ ಜಾಸ್ತಿ ಎಂದೆಲ್ಲ ನೆಪ ಹೇಳಿದೆ. ಅದು ಸುಳ್ಳು. ನಿಜವನ್ನು ಇವತ್ತು ಹೇಳುತ್ತೇನೆ.

ಸಂಕ್ರಾಂತಿಗೆ ಸ್ವಲ್ಪ ಮುಂಚೆ ಚೌಳಹಿರಿಯೂರಿನ ಕಲ್ಲೇಶಪ್ಪ ಅಂಗಡಿಗೆ ಬಂದರು. ರೈತರು, ಹಳೆಯ ಗಿರಾಕಿ. ಅವರ ಹೆಂಡತಿ ಪಾರ್ವತಮ್ಮನಿಗೆ ಸಕ್ಕರೆ ಕಾಯಿಲೆ. ಪ್ರತಿ ತಿಂಗಳೂ ಮಾತ್ರೆ ನಮ್ಮಲ್ಲೇ. ಆವತ್ತು ಅವರ ಕೈಯಲ್ಲಿದ್ದ ಡಾಕ್ಟರ ಚೀಟಿ ಬೇರೆಯಾಗಿತ್ತು, ಎರಡು ತಿಂಗಳಿಗೆ ಬರೆದದ್ದು.

"ಮಾತ್ರೆ ಬದಲಾಗೈತೆ ಕಣ್ರೀ" ಎಂದರು ಕಲ್ಲೇಶಪ್ಪ. "ಇವ್ಳು ಮೊನ್ನೆ ಬಚ್ಚಲಿಂದ ಬರ್ತಾ ಬಿದ್ಬಿಟ್ಲು. ಮೈಯೆಲ್ಲ ಬೆವ್ರು, ಮಾತೇ ಇಲ್ಲ. ಹೋಗೇಬಿಟ್ಲು ಅಂದ್ಕೊಂಡೆ. ಆಸ್ಪತ್ರೇಲಿ ಡ್ರಿಪ್ ಹಾಕಿ ಎಬ್ಬಿಸಿದ್ರು. ಸರ್ಯಾಗಿ ಉಂಡಿರಲ್ಲ, ಶುಗರ್ ಇಳಿದೈತೆ ಅಂದ್ರು ಡಾಕ್ಟ್ರು."

"ಹಳೇ ಮಾತ್ರೆ ಉಳಿದಿದ್ರೆ ಕೊಡಬೇಡಿ" ಎಂದೆ. ಎಲ್ಲರಿಗೂ ಹೇಳುವ ಮಾತು.

"ಅದನ್ನ ಆಸ್ಪತ್ರೆಯಿಂದ ಬಂದ ದಿನಾನೇ ಇವ್ಳು ಒಲೆಗೆ ಹಾಕಿದ್ಲು."

ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ಕಪಾಟು ಜೋಡಿಸುತ್ತಿದ್ದೆ. ಪಾರ್ವತಮ್ಮ ತೆಗೆದುಕೊಳ್ಳುತ್ತಿದ್ದ ಆ ಹಳೆಯ ಮಾತ್ರೆ ಒಂದು ಮಿಲಿಗ್ರಾಮಿನಲ್ಲೂ ಬರುತ್ತದೆ, ನಾಲ್ಕು ಮಿಲಿಗ್ರಾಮಿನಲ್ಲೂ ಬರುತ್ತದೆ. ಸ್ಟ್ರಿಪ್ಪಿನ ಬಣ್ಣ ಒಂದೇ. ಅಂಕಿ ಮಾತ್ರ ಬೇರೆ. ಒಂದರ ಪೆಟ್ಟಿಗೆಯಲ್ಲಿ ಲೆಕ್ಕಕ್ಕಿಂತ ಒಂದು ಸ್ಟ್ರಿಪ್ ಹೆಚ್ಚಿಗೆ ಇತ್ತು. ನಾಲ್ಕರ ಪೆಟ್ಟಿಗೆಯಲ್ಲಿ ಒಂದು ಕಡಿಮೆ. ಆ ತಿಂಗಳು ಒಂದು ಮಿಲಿಗ್ರಾಮಿನದ್ದನ್ನು ಕೇಳಿದವರು ಕಲ್ಲೇಶಪ್ಪ ಒಬ್ಬರೇ.

ಕೊಟ್ಟವನು ನಾನೇ. (ಅವರು ಹಿಂದಿನ ಸಲ ಬಂದಾಗ ಫೋನಿನಲ್ಲಿ ಮಾತಾಡುತ್ತಲೇ ಮಾತ್ರೆ ಕೊಟ್ಟಿದ್ದು ನೆನಪಾಯಿತು. ಏನು ಮಾತಾಡಿದೆ ಅನ್ನುವುದು ಮರೆತೇ ಹೋಗಿದೆ.)

ಮೊದಲು ಅನ್ನಿಸಿದ್ದೇನು ಗೊತ್ತೇ? ಅಯ್ಯೋ ಅಂತಲ್ಲ. 'ಸದ್ಯ, ಆ ಸ್ಟ್ರಿಪ್ ಒಲೆಗೆ ಹೋಗಿದೆ, ಸಾಕ್ಷಿ ಉಳಿದಿಲ್ಲ' ಅಂತ. ನನ್ನ ಬಾಯಿಂದ ಹಾಗಂತ ಗಟ್ಟಿಯಾಗಿ ಬರಲಿಲ್ಲ, ಅಷ್ಟೇ. ಆದರೆ ಆ 'ಸದ್ಯ' ಹಾಸಿಗೆಯವರೆಗೂ ಬಂತು. ಆವತ್ತಿನಿಂದ ಎದ್ದು ಹೋಗಲೇ ಇಲ್ಲ.

ಹೆಂಡತಿಗೆ ಕಾರಣ ಹೇಳಲಿಲ್ಲ. ಅವಳು ಪಾಪ, ಬಿಸಿ ಹಾಲು ಕೊಟ್ಟಳು, ಫೋನಿಗೆ ಧ್ಯಾನದ ಆಪ್ ಹಾಕಿಕೊಟ್ಟಳು. ಉಸಿರನ್ನು ಗಮನಿಸಿ ಎಂದಿತು ಆಪ್. ಗಮನಿಸಿದೆ. ಪ್ರತಿ ಉಸಿರಿನ ಜೊತೆ ಪಾರ್ವತಮ್ಮ ಬಚ್ಚಲ ಬಾಗಿಲಲ್ಲಿ ಬೀಳುತ್ತಿದ್ದರು. ವಿಚಿತ್ರ ನೋಡಿ, ಅವರ ಮುಖವನ್ನೇ ನಾನು ನೋಡಿರಲಿಲ್ಲ. ಚೀಟಿಯ ಮೇಲಿನ ಹೆಸರು, ಅಷ್ಟೇ ನನಗೆ ಗೊತ್ತಿದ್ದದ್ದು.

ಎರಡು ತಿಂಗಳು ಹೀಗೇ ಹೋಯಿತು. ಶಿವರಾತ್ರಿ ಕಳೆದ ಎರಡನೇ ದಿನ ಕಲ್ಲೇಶಪ್ಪ ಮತ್ತೆ ಬಂದರು. ಈ ಸಲ ಚೀಟಿ ಇರಲಿಲ್ಲ.

"ಒಂದೆರಡು ನಿದ್ದೆ ಮಾತ್ರೆ ಕೊಡಿ. ನಂಗಲ್ಲ, ಇವ್ಳಿಗೆ. ಬಿದ್ದಾಗಿಂದ ಮಲಗಾಕೇ ಹೆದರ್ತಾಳೆ. ಕಣ್ ಮುಚ್ಚಿದ್ರೆ ಏಳಲ್ಲ ಅಂತಾಳೆ. ಅಂಗಳದಲ್ಲಿ ಮಂಚ ಹಾಕ್ಕೊಂಡು ನಕ್ಷತ್ರ ನೋಡ್ತಾ ಕೂತಿರ್ತಾಳೆ. ಜನ ಏನಂತಾರೆ ಹೇಳಿ?"

"ಚೀಟಿ ಇಲ್ಲದೆ ಕೊಡಲ್ಲ" ಎಂದೆ. ನನ್ನ ಕೈಯಿಂದ ಆ ಮನೆಗೆ ಇನ್ನೊಂದು ಮಾತ್ರೆಯೇ?

ಅವರು ಬೇಜಾರು ಮಾಡಿಕೊಂಡು ಹೋದರು. ನಾನು ಐದು ಗಂಟೆಗೇ ಷಟರ್ ಎಳೆದು ಸ್ಕೂಟರ್ ಹತ್ತಿದೆ.

ಚೌಳಹಿರಿಯೂರಿನಲ್ಲಿ ಮನೆ ಹುಡುಕಿ ತಲುಪುವ ಹೊತ್ತಿಗೆ ಕತ್ತಲಾಗಿತ್ತು. ಕಲ್ಲೇಶಪ್ಪನಿಗೆ ಆಶ್ಚರ್ಯ. "ಮಾತ್ರೆ ತಂದ್ರಾ?" ಎಂದರು. ಇಲ್ಲ, ಇವರನ್ನು ನೋಡಿ ಹೋಗೋಣ ಅಂತ ಬಂದೆ ಎಂದೆ. ಮಂಚದ ಮೇಲೆ ಶಾಲು ಹೊದ್ದು ಕೂತಿದ್ದ ಪಾರ್ವತಮ್ಮ ಪಕ್ಕದ ಕುರ್ಚಿ ತೋರಿಸಿದರು. ಅರವತ್ತರ ಹತ್ತಿರದ ಹೆಂಗಸು. ಹಣೆಯ ತುಂಬ ವಿಭೂತಿ. ಕಣ್ಣ ಕೆಳಗೆ ನನ್ನದೇ ಕಪ್ಪು.

"ಲೈಟ್ ಹಾಕ್ಬೇಡಿ" ಎಂದರು ಗಂಡನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಲೈಟ್ ಹಾಕಿದ್ರೆ ಅವು ಓಡೋಯ್ತವೆ" ಎಂದರು.

ತಲೆ ಎತ್ತಿದೆ. ಎಷ್ಟು ವರ್ಷವಾಗಿತ್ತೋ ತಲೆ ಎತ್ತಿ.

"ಅಗೋ, ಹುಣಸೆ ಮರದ ಮೇಲೆ ಪುಟ್ಟ ಗೊಂಚಲು ಐತಲ್ಲ, ಅದು ಕೃತ್ತಿಕೆ" ಎಂದು ಪಾರ್ವತಮ್ಮ ಬೆರಳು ಚಾಚಿದರು. "ಇತ್ಲಾಗೆ ಕೆಂಪಗೆ ಒಂದೇ ಕೂತಿರೋದು ಆರಿದ್ರೆ. ನಾನು ಇಷ್ಟು ವರ್ಷ ಆರಿದ್ರೆ ಅಂದ್ರೆ ಬರೀ ಮಳೆ ಅಂದ್ಕೊಂಡಿದ್ದೆ ಕಣ್ರೀ! ಮಳೆ ಹೆಸ್ರು ಹೇಳಿ ಬಿತ್ತನೆ ಮಾಡಿದ್ದೇ ಮಾಡಿದ್ದು, ಒಂದಿನ ಮೇಲೆ ನೋಡ್ಲಿಲ್ಲ. ಇವ್ರೇ ತೋರಿಸಿದ್ದು. ಇವ್ರಪ್ಪ ಈರುಳ್ಳಿ ಹೊಲ ಕಾಯೋಕೆ ಮಲಗೋವಾಗ ಹೇಳ್ಕೊಟ್ಟಿದ್ರಂತೆ."

"ನೋಡಿದರೆ ಸಮಾಧಾನ ಆಗುತ್ತಾ?" ಎಂದು ಕೇಳಿದೆ.

ಅವರು ಶಾಲು ಸರಿಮಾಡಿಕೊಂಡರು.

"ಮಠದಲ್ಲಿ ಅಯ್ಯನೋರು ಧ್ಯಾನ ಮಾಡಮ್ಮ ಅಂದ್ರು. ಧ್ಯಾನಕ್ಕೆ ಕಣ್ ಮುಚ್ಬೇಕು. ನಂಗೆ ಮುಚ್ಚೋಕೇ ಭಯ. ಇದಾದ್ರೆ ಕಣ್ ಬಿಟ್ಕೊಂಡೇ ಮಾಡ್ಬೋದು. ಎದೆ ಹೊಡ್ಕೊಳ್ಳೋಕೆ ಶುರುವಾಯ್ತು ಅಂದ್ರೆ, ಕೃತ್ತಿಕೆ ಆ ಮರ ದಾಟೋವರ್ಗೂ ಬದುಕಿದ್ರೆ ಸಾಕು ಶಿವನೇ ಅಂತೀನಿ. ದಾಟ್ತದೆ. ಆಮೇಲೆ ಆರಿದ್ರೆ ದಾಟೋವರ್ಗೂ ಅಂತೀನಿ. ಅದೂ ದಾಟ್ತದೆ. ಅವಕ್ಕೆ ಅವಸರವೇ ಇಲ್ಲ. ನೋಡ್ತಾ ನೋಡ್ತಾ ನನ್ನ ಎದೇನೂ ನಿಧಾನ ಆಗ್ತದೆ. ತರೀಕೆರೆಯಿಂದ ತಂಗಿ ಬಾ ಅಂತಾಳೆ. ಅಲ್ಲಿ ಬೀದಿ ತುಂಬ ದೀಪ. ಹೋಗಿ ಏನ್ ಮಾಡ್ಲಿ?"

ಓದುಗರೇ, ನಾನು ಓದಿಕೊಂಡವನು. ಮನಸ್ಸಿನ ಕಾಯಿಲೆಯ ಮಾತ್ರೆಗಳ ಹೆಸರು ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ. ಆದರೆ ಭಯವನ್ನು ಹೀಗೆ ಒಂದೊಂದು ತುಂಡು ಮಾಡಿ ಒಂದೊಂದು ನಕ್ಷತ್ರದ ಕೈಗೆ ಕೊಡಬಹುದು ಅಂತ ನನಗೆ ಯಾರೂ ಕಲಿಸಿರಲಿಲ್ಲ. ಹತ್ತು ನಿಮಿಷ ನಾನೂ ನೋಡುತ್ತಾ ಕೂತೆ. ಎರಡು ತಿಂಗಳಲ್ಲಿ ಮೊದಲ ಸಲ ಹೆಗಲು ಸಡಿಲವಾಯಿತು. ಆ ಆಕಾಶದ ಮುಂದೆ ನಾನೆಷ್ಟರವನು, ನನ್ನ ತಪ್ಪು ಎಷ್ಟರದು ಅನ್ನಿಸಿತು.

ಅಲ್ಲಿಗೇ ಎದ್ದು ಬರಬಹುದಿತ್ತು. ಬರಬೇಕು ಅಂತಲೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಮನಸ್ಸು ಹಗುರಾಯಿತಲ್ಲ, ಇನ್ನೇನು?

ಆದರೆ ಪಕ್ಕದಲ್ಲಿ ಆ ಹೆಂಗಸು ಶಾಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ನನ್ನ ತಪ್ಪು ಆಕಾಶಕ್ಕೆ ಚಿಕ್ಕದು. ಅವರಿಗೆ?

ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಆರಿದ್ರೆಯನ್ನೇ ನೋಡುತ್ತಾ ಹೇಳಿದೆ. "ಅಮ್ಮಾ, ನೀವು ಬಿದ್ದದ್ದು ಊಟ ಬಿಟ್ಟಿದ್ದಕ್ಕಲ್ಲ. ನಾನು ತಪ್ಪು ಮಾತ್ರೆ ಕೊಟ್ಟಿದ್ದೆ. ಒಂದರ ಬದಲು ನಾಲ್ಕರದ್ದು. ನನಗೆ ಆಗಲೇ ಗೊತ್ತಾಯಿತು. ಹೇಳಲಿಲ್ಲ."

ಕಲ್ಲೇಶಪ್ಪ ಕೂತಲ್ಲಿಂದ ಎದ್ದು ನಿಂತರು. "ಏನಂದ್ರಿ? ಎರಡು ತಿಂಗ್ಳು ಗೊತ್ತಿದ್ದೂ ಸುಮ್ನಿದ್ರಾ? ಇವತ್ತು ಬೆಳಿಗ್ಗೆ ನಿಮ್ಮ ಮುಂದೇ ನಿಂತಿದ್ನಲ್ರೀ! ಹೋಗೇಬಿಟ್ಟಿದ್ರೆ ಇವ್ಳು?"

ಪಾರ್ವತಮ್ಮ ಅಳುವುದು ಕೇಳಿಸಿತು. ತಪ್ಪಾಯಿತು ಅಂತ ಕೈ ಮುಗಿದೆ. ಅವರು ಅದನ್ನು ಗಮನಿಸಲೇ ಇಲ್ಲ.

"ಹಂಗಾದ್ರೆ ನಂಗೇನೂ ಆಗಿಲ್ವಾ?" ಎಂದರು. "ಒಳಗೇನೋ ದೊಡ್ಡ ಕಾಯಿಲೆ ಐತೆ, ಡಾಕ್ಟ್ರೂ ಇವ್ರೂ ಮುಚ್ಚಿಡ್ತಾವ್ರೆ ಅಂತ ದಿನಾ ಸಾಯ್ತಿದ್ದೆ. ಹೊಟ್ಟೆ ತುಂಬ ಉಂಡಿದ್ದೆ ಕಣ್ರೀ ಆವತ್ತು. ಉಂಡಿರಲ್ಲ ಅಂತ ಎಲ್ರೂ ನನ್ನೇ ಬೈದ್ರು. ನಾನು ಉಂಡಿದ್ದೆ!"

"ಹೂಂ, ಉಂಡಿದ್ದಿರಿ" ಎಂದೆ. ಅದಕ್ಕಿಂತ ಬೇರೇನು ಹೇಳಲಿ?

ಅವರು ನನ್ನನ್ನು ಕ್ಷಮಿಸಿದರು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಕ್ಷಮಿಸಲಿಲ್ಲ. ಕಣ್ಣೊರೆಸಿಕೊಂಡು, "ಹೊರಡಿ, ಹೊತ್ತಾಯ್ತು. ನಿಧಾನಕ್ಕೆ ಹೋಗಿ" ಎಂದರು. ಕಲ್ಲೇಶಪ್ಪ ಗೇಟಿನವರೆಗೂ ಬರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಡಾಕ್ಟರಿಗೂ ಫೋನ್ ಮಾಡಿ ಹೇಳಿದೆ. ಅವರು ಬೈದರು, ಆಮೇಲೆ ಪಾರ್ವತಮ್ಮನನ್ನು ಕರೆಸಿ ಮತ್ತೊಮ್ಮೆ ಪರೀಕ್ಷೆ ಮಾಡಿದರಂತೆ. ಈಗ ಅಂಗಡಿಯಲ್ಲಿ ಮಾತ್ರೆಯ ಹೆಸರು, ಅಂಕಿ ಎರಡನ್ನೂ ಗಟ್ಟಿಯಾಗಿ ಓದಿಯೇ ಕೊಡುತ್ತೇನೆ. ಕ್ಯೂನಲ್ಲಿ ನಿಂತವರು ಗೊಣಗುತ್ತಾರೆ. ಗೊಣಗಲಿ. ಫೋನ್ ಡ್ರಾಯರಿನಲ್ಲಿರುತ್ತದೆ.

ಕಲ್ಲೇಶಪ್ಪ ಈಗ ಅಜ್ಜಂಪುರದಲ್ಲಿ ಮಾತ್ರೆ ಕೊಳ್ಳುತ್ತಾರೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ಮುಖ ತಿರುಗಿಸಿಕೊಂಡು ಹೋಗುತ್ತಾರೆ ಅಂದುಕೊಂಡೆ. ನಿಂತರು.

"ಒಳಗೆ ಮಲಗ್ತಾಳೆ ಈಗ" ಎಂದರು, ಬಸ್ಸನ್ನೇ ನೋಡುತ್ತಾ. "ಆದ್ರೂ ಉಂಡ್ಮೇಲೆ ಅರ್ಧ ಗಂಟೆ ಅಂಗಳ ಬಿಡಲ್ಲ. ಅದೀಗ ಭಯಕ್ಕಲ್ವಂತೆ. ಸುಮ್ನೆ ಅಂತೆ." ಅಷ್ಟು ಹೇಳಿ ಬಸ್ ಹತ್ತಿದರು.

ನಾನೂ ಊಟವಾದ ಮೇಲೆ ತಾರಸಿಗೆ ಹೋಗುತ್ತೇನೆ. ಕಡೂರಿನ ದೀಪಗಳ ಮಧ್ಯೆ ಎಲ್ಲವೂ ಕಾಣುವುದಿಲ್ಲ, ಐದಾರು ಕಾಣುತ್ತವೆ. ದಣಿವು ಪೂರ್ತಿ ಹೋಗಿದೆ ಅಂತ ಹೇಳಲಾರೆ. ಒಂದಿಷ್ಟು ಇಳಿಯುತ್ತದೆ. ನೀವೂ ಪ್ರಯತ್ನಿಸಿ, ಖರ್ಚಿಲ್ಲ, ಚೀಟಿ ಬೇಡ, ಸೈಡ್ ಎಫೆಕ್ಟ್ ಇಲ್ಲ.

ತಲೆ ಎತ್ತಿ ನೋಡುವುದಂತೂ ಒಳ್ಳೆಯದೇ. ಆದರೆ ತಲೆ ತಗ್ಗಿಸಿ ಹೇಳಬೇಕಾದದ್ದು ಯಾರ ಮನೆಯಲ್ಲಾದರೂ ಉಳಿದಿದೆಯೇ?