ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಂದು ಮೇಜು, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಂಬಳಿ. ಅವಳ ಅಂಗಡಿಯೆಂದರೆ ಅಷ್ಟೇ. ಬಾಯಿಹರುಕಿಯಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸು.

ಊರಿನ ರೇಡಿಯೋದವರು ದುಡಿಯುವವರ ಕಾರ್ಯಕ್ರಮಕ್ಕೆ ಅವಳನ್ನು ಕರೆಸಿದರು. ಗಾಜಿನ ಕೋಣೆಯಲ್ಲಿ ನಿರೂಪಕಿ ಸಕ್ಕರೆಯಂಥ ದನಿಯಲ್ಲಿ ಮಾತಿಗೆಳೆದಳು.

“ನಿಮ್ಮ ಬೀದಿ ಡಾಕ್ಟರಮ್ಮನ ಬಟ್ಟೇನೂ ನಿಮ್ಮ ಹತ್ರಾನೇ ಬರುತ್ತಂತೆ?”

“ಬರುತ್ತೆ. ತುಂಬಾ ಒಳ್ಳೆಯವರು.”

“ಈಗೀಗ ಶರ್ಟು ಕಡಿಮೆ ಆಗಿರ್ಬೇಕು, ಅಲ್ವಾ?”

ಅಕ್ಕ ನೆನಪು ಮಾಡಿಕೊಂಡಳು. “ಹೌದಲ್ಲ! ಈಗ ಬರೀ ಅವರ ಬಿಳಿ ಕೋಟೇ ಬರೋದು.”

ನಿರೂಪಕಿ “ಹ್ಞೂಂ…” ಎಂದು ಉದ್ದಕ್ಕೆ ಎಳೆದು ಹಾಡು ಹಾಕಿದಳು.

ಅಕ್ಕ ಬೀದಿ ಮುಟ್ಟುವಷ್ಟರಲ್ಲಿ, ಡಾಕ್ಟರಮ್ಮನ ಗಂಡ ಮನೆ ಬಿಟ್ಟು ಓಡಿಹೋಗಿದ್ದಾನೆಂದು ಎಲ್ಲರೂ ತೀರ್ಮಾನಿಸಿಯಾಗಿತ್ತು. ಅಕ್ಕನ ನಾದಿನಿಯಂತೂ ಹಿಗ್ಗಿ ಹೀರೇಕಾಯಿಯಾಗಿದ್ದಳು.

“ಹಾವೂ ಸತ್ತಿತು, ಕೋಲೂ ಮುರೀಲಿಲ್ಲ. ಎಂಥ ಜಾಣೆ ಅತ್ತಿಗೆ ನೀವು!”

“ನಾನೇನು ಹೇಳ್ದೆ? ಶರ್ಟಿನ ವಿಷ್ಯ ಹೇಳ್ದೆ.”

“ಅವಳು ಕೇಳಿದ್ದು ಶರ್ಟನ್ನಲ್ಲ ಅಂತ ಹಸುಗೂಸಿಗೂ ಗೊತ್ತು, ಬಿಡಿ.”

ಮರುದಿನ ಅಕ್ಕ ರೇಡಿಯೋ ಕಚೇರಿಗೆ ಹೋಗಿ, “ನಾನು ಹಾಗೆ ಹೇಳಿಲ್ಲ ಅಂತ ಒಂದು ಮಾತು ಹೇಳ್ಬಿಡಿ” ಎಂದು ಬೇಡಿದಳು.

ನಿರೂಪಕಿ ಕಾಫಿ ಹೀರುತ್ತ ನಕ್ಕಳು. “ನಾನೇನೂ ಕೇಳೇ ಇಲ್ವಲ್ಲಮ್ಮ? ಜನಕ್ಕೆ ಇಷ್ಟ ಆಗಿದೆ. ಇನ್ನೊಂದ್ಸಲ ಬನ್ನಿ.”

ಮುಖಕ್ಕೆ ಯಾರೋ ಎಂಜಲು ಸಿಡಿಸಿದಂತೆ ಅಕ್ಕ ಕೆನ್ನೆ ಒರೆಸಿಕೊಂಡು ಹೊರಬಂದಳು. ಅಲ್ಲಿಂದ ನೇರ ಡಾಕ್ಟರಮ್ಮನ ಮನೆಗೆ. ಬಾಗಿಲು ಅರ್ಧ ತೆರೆಯಿತು. ಒಳಗೆ ಮಂಚದ ಮೇಲೆ ಗಂಡ. ಬರಿಮೈ, ಮೂಗಿಗೆ ಕೊಳವೆ.

“ಕನಿಕರ ತೋರಿಸೋಕೆ ಜನ ಸಾಲು ನಿಲ್ಲೋದು ಇವರಿಗೆ ಬೇಡವಾಗಿತ್ತು. ಅದಕ್ಕೇ ಯಾರಿಗೂ ಹೇಳಿರಲಿಲ್ಲ” ಎಂದರು ಡಾಕ್ಟರಮ್ಮ. “ರೇಡಿಯೋ ಇವರೂ ಕೇಳಿದ್ರು.”

“ನಂಗೆ ಗೊತ್ತಾಗ್ಲಿಲ್ಲ ಅಮ್ಮ.”

“ಗೊತ್ತಾಗಿಲ್ಲ ಅಂತ ನಂಗೂ ಗೊತ್ತು. ಆದ್ರೂ ಇನ್ಮೇಲೆ ಬಟ್ಟೆ ಕಳಿಸಲ್ಲ.”

ಸಂಜೆ ಹಾಲಿನವನು ಅಂಗಡಿಗೆ ಬಂದ. ಬಟ್ಟೆಗಂಟು ಮೇಜಿನ ಮೇಲಿಟ್ಟವನು ಹೋಗಲಿಲ್ಲ. “ಡಾಕ್ಟರಮ್ಮನ ಮನೆ ಕಡೆ ಹೋಗಿದ್ರಂತೆ ಅಕ್ಕಾ… ಒಬ್ರೇ ಇದ್ರಾ ಪಾಪ?”

ನಿಜ ಹೇಳಿದರೆ ಆ ಮಂಚಕ್ಕೆ ಜನ ನೊಣದಂತೆ ಮುತ್ತುತ್ತಾರೆ. ಸುಮ್ಮನಿದ್ದರೆ ಅದೂ ಉತ್ತರವೇ. ಅಕ್ಕ ಗಂಟನ್ನೆತ್ತಿ ಅವನ ಎದೆಗೆ ನೂಕಿ, “ನಡಿ ಆಚೆ” ಎಂದಳು.

ಬೆಳಗಾಗುವಷ್ಟರಲ್ಲಿ ಬೀದಿ ಅದಕ್ಕೂ ಒಂದು ಅರ್ಥ ಹಚ್ಚಿತ್ತು.