ಅಕ್ಕನ ಗಂಟಲು ನಮ್ಮ ಡಬ್ಬಿಯಲ್ಲಿ

ನನ್ನ ಮೊಮ್ಮಗಳು ಕಂಪ್ಯೂಟರ್ ಕಟ್ಟಿದ್ದಾಳೆ. ಕೊಂಡಿದ್ದಲ್ಲ, ಕಟ್ಟಿದ್ದು. ಈ ವ್ಯತ್ಯಾಸವನ್ನು ಚಾಮರಾಜನಗರದ ನಮ್ಮ ಬೀದಿಯಲ್ಲಿ ಹಾಲಿನವನಿಗೆ, ಸೊಪ್ಪಿನವಳಿಗೆ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೆ, ಕರೆಂಟ್ ಮೀಟರ್ ಓದಲು ಬಂದವನಿಗೆ, ಎಲ್ಲರಿಗೂ ಬಿಡಿಸಿ ಹೇಳಿದ್ದೇನೆ. ಸೊಪ್ಪಿನವಳು ಈಗೀಗ ನಮ್ಮ ಮನೆ ಹತ್ತಿರ ಬಂದಾಗ ಕೂಗುವುದನ್ನು ನಿಲ್ಲಿಸಿ ಬಿರಬಿರನೆ ಮುಂದೆ ಹೋಗಿಬಿಡುತ್ತಾಳೆ. ಹೋಗಲಿ ಬಿಡಿ. ಇಷ್ಟು ಸಂತೋಷ ಇರುವ ಮನೆಯಲ್ಲಿ ಒಂದು ದಿನ ಬಸ್ಸಾರು ಇಲ್ಲದಿದ್ದರೂ ನಡೆಯುತ್ತದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇದನ್ನು ಬರೆಯಲು ಅಷ್ಟು ಸಾಕಾಗಿದೆ. ಒತ್ತಕ್ಷರ ತಪ್ಪಿದ್ದನ್ನು ಮೊಮ್ಮಗಳು ತಿದ್ದುತ್ತಾಳೆ. ವಿಷಯವನ್ನು ತಿದ್ದಲು ನಾನು ಬಿಟ್ಟಿಲ್ಲ, ಏಕೆಂದರೆ ಇದರಲ್ಲಿ ಅವಳ ತಪ್ಪೂ ಒಂದಿದೆ.

ಅವಳ ಕೆಲಸ ಮದುವೆ ವಿಡಿಯೋ ಜೋಡಿಸುವುದು. ಮೂರು ದಿನದ ಮದುವೆಯನ್ನು ಎರಡು ಗಂಟೆಗೆ ಇಳಿಸುತ್ತಾಳೆ. ಆ ಎರಡು ಗಂಟೆಯಲ್ಲಿ ತಾವು ಬರಲಿಲ್ಲವೆಂದು ಜಗಳಕ್ಕೆ ಬರುವ ನೆಂಟರನ್ನೂ ಅವಳೇ ಸಮಾಧಾನ ಮಾಡುತ್ತಾಳೆ. ಕಂಪ್ಯೂಟರಿನ ಡಬ್ಬಿಯ ಒಂದು ಪಕ್ಕದ ಮುಚ್ಚಳ ತೆಗೆದರೆ ಒಳಗೆ ಇಡ್ಲಿ ತಟ್ಟೆಯ ಹಾಗೆ ಅಂತಸ್ತು ಅಂತಸ್ತು. ಅದರಲ್ಲಿ ಅಂಗೈ ಅಗಲದ, ಬೆಲ್ಲದ ಅಚ್ಚಿನ ತೂಕದ ಎರಡು ಲೋಹದ ಪೆಟ್ಟಿಗೆಗಳು ಕೂತಿದ್ದವು. ಅವಕ್ಕೆ ಹಾರ್ಡ್ ಡಿಸ್ಕ್ ಅನ್ನುತ್ತಾರೆ. ಚಿತ್ರ, ದನಿ, ಎಲ್ಲವೂ ಉಳಿಯುವುದು ಅದರಲ್ಲೇ. ಎರಡನ್ನೂ ಒಂದೇ ದಿನ ತಂದದ್ದು. ಅವಳಿ ಮಕ್ಕಳ ಹಾಗೆ ಯಾವುದು ಯಾವುದೆಂದು ಹೆತ್ತವಳಿಗೆ ಮಾತ್ರ ಗೊತ್ತು.

ಆ ಅವಳಿಯಲ್ಲಿ ಒಂದರೊಳಗೆ ನನ್ನ ಓರಗಿತ್ತಿಯ ಗಂಟಲಿತ್ತು.

ನನ್ನ ಯಜಮಾನರ ಅಣ್ಣನ ಹೆಂಡತಿ ಅವಳು, ನಾನು ಅಕ್ಕ ಅನ್ನುವುದು. ಹರದನಹಳ್ಳಿಯಲ್ಲಿದ್ದಾಳೆ. ಸೋಬಾನೆ ಪದ ಹೇಳಲು ಅವಳು ಕೂತರೆ ಚಪ್ಪರದಲ್ಲಿ ಅಡುಗೆಯವರೂ ಸೌಟು ಹಿಡಿದು ಬಂದು ನಿಲ್ಲುತ್ತಿದ್ದರು. ನಾನು ಪಕ್ಕದಲ್ಲಿ ಕೂತು ದನಿಗೂಡಿಸುತ್ತಿದ್ದೆ. ಮೊಮ್ಮಗಳು ಒಂದು ವರ್ಷ ಬಿಡುವಾದಾಗೆಲ್ಲ ದನಿಗೂಡಿಸಲು ನನ್ನನ್ನೂ ಕರೆದುಕೊಂಡು ಹೋಗಿ ಅವಳ ನಲವತ್ತು ಪದಗಳನ್ನು ರೆಕಾರ್ಡಿನಲ್ಲಿ ಹಿಡಿದು ತಂದಿದ್ದಳು. ಆಮೇಲೆ ಅಕ್ಕನಿಗೆ ಗಂಟಲ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಮಾತಾಡಿದರೆ ಒಣಗಿದ ಜೋಳದ ಗರಿ ಉಜ್ಜಿದ ಹಾಗೆ ಕೇಳುತ್ತದೆ. ಅವಳ ಮಗಳ ಮಗಳಿಗೆ ಕಾರ್ತೀಕದಲ್ಲಿ ಮದುವೆ ನಿಶ್ಚಯವಾಗಿತ್ತು. ಅರಿಶಿನ ಶಾಸ್ತ್ರದ ದಿನ ಸ್ಪೀಕರಿನಲ್ಲಿ ತನ್ನ ಪದವನ್ನೇ ಹಾಕಬೇಕು, ಬೇರೆ ಯಾರನ್ನೂ ಕರೆಸಕೂಡದು ಎಂದು ಅವಳ ಹಟ. ಹಾಗಾಗಿ ಎರಡು ದಿನಕ್ಕೊಂದು ಫೋನು.

"ಎಂಗದ ಕಣಮ್ಮಿ ನನ್ ಗಂಟ್ಲು?"

"ಚೆಂದಾಗದ ಕಣಕ್ಕ. ನಿನ್ ಗಂಟ್ಲಿಗೇನು, ಮೂರು ಫ್ಯಾನ್ ಹಾಕಿ ಮಡಗಿವಿ. ನಂಗೇ ಒಂದು ಫ್ಯಾನಿಲ್ಲ."

ದಸರೆಯ ಹೊತ್ತಿಗೆ ಎರಡು ಡಿಸ್ಕೂ ತುಂಬಿದವು. ಮೊಮ್ಮಗಳು ದೊಡ್ಡದೊಂದು ಹೊಸದನ್ನು ತರಿಸಿದಳು.

"ಹಳೇವ್ನ ಏನ್ಮಾಡೀಯೆ ಕೂಸೆ?"

"ಅವೂ ಇರ್ತವೆ ಅಜ್ಜಿ. ಇದನ್ನ ಪಕ್ಕದಲ್ಲಿ ಸೇರಿಸೋದು. ಆಮೇಲೆ ದೊಡ್ಡಜ್ಜಿ ಪದ ಎಲ್ಲಾ ಇದಕ್ಕೂ ಒಂದ್ ಕಾಪಿ ಹಾಕ್ತೀನಿ."

ಈ ಏರ್ಪಾಡು ನನಗೆ ಬಹಳ ಹಿಡಿಸಿತು. ನಾನು ಆ ಮನೆಗೆ ಸೊಸೆಯಾಗಿ ಬಂದದ್ದೂ ಹೀಗೆಯೇ. ಅಕ್ಕನನ್ನು ಯಾರೂ ತೆಗೆಯಲಿಲ್ಲ, ಪಕ್ಕದಲ್ಲಿ ನನ್ನನ್ನು ಸೇರಿಸಿದರು. ಅಂದಿನಿಂದ ನೀರು, ಸಗಣಿ, ಹಿಟ್ಟು ಎಲ್ಲ ನನ್ನ ತಲೆಗೆ. ಬೀಗದ ಕೈ, ಪದ, ಹೊಗಳಿಕೆ ಅವಳಿಗೆ. ಹೊಸ ಡಿಸ್ಕಿನ ಹಣೆಬರಹವೂ ಅದೇ ಅನ್ನಿಸಿ ಅದರ ಮೇಲೆ ಸ್ವಲ್ಪ ಅಕ್ಕರೆಯೂ ಹುಟ್ಟಿತು.

ಆ ಅಕ್ಕರೆಯೇ ಕೆಲಸ ಕೆಡಿಸಿತು. ಅದು ಆಯುಧ ಪೂಜೆಯ ಬೆಳಿಗ್ಗೆ. ಮೊಮ್ಮಗಳು ಡಬ್ಬಿ ಬಿಚ್ಚಿ, ವೈರಿಗೆ ಕೈ ಹೋಗಲೆಂದು ಹಳೆಯ ಎರಡನ್ನೂ ಈಚೆ ತೆಗೆದು, ಹೊಸದರ ಜೊತೆ ಮಣೆಯ ಮೇಲಿಟ್ಟಿದ್ದಳು. ಅಷ್ಟರಲ್ಲಿ ಯಾವುದೋ ಮದುವೆಯವರ ಫೋನು ಬಂದು ಆಚೆ ಹೋದಳು. ನಾನು ಕುಡುಗೋಲು, ಈಳಿಗೆಮಣೆ, ಮಿಕ್ಸಿ, ಅವಳ ಸ್ಕೂಟಿ ಎಲ್ಲಕ್ಕೂ ವಿಭೂತಿ ಎಳೆದು ಹೂವಿಟ್ಟು ಮುಗಿಸಿದ್ದೆ. ಮಣೆಯ ಮೇಲೆ ಹೊಸ ಡಿಸ್ಕು ನನ್ನನ್ನೇ ನೋಡುತ್ತಿತ್ತು. ಮನೆಗೆ ಹೊಸದಾಗಿ ಬಂದದ್ದು, ಬರಿ ಹಣೆಯಲ್ಲಿ ಒಳಗೆ ಕಳಿಸುವುದೇ? ಮೂರು ಬೆರಳಲ್ಲಿ ವಿಭೂತಿ ಎಳೆದೆ. ಎಳೆದ ಮೇಲೆ ಹಳೆಯವಕ್ಕೆ ಬೇಜಾರಾಗುವುದಿಲ್ಲವೇ ಅನ್ನಿಸಿತು. ಒಂದಕ್ಕೆ ಎಳೆದೆ. ಇನ್ನೊಂದನ್ನು ಎತ್ತಿಕೊಂಡೆ. ನೀರಲ್ಲಿ ಕಲಸಿದ ವಿಭೂತಿ ಕೈಯಲ್ಲಿ ಬೆಣ್ಣೆಯ ಹಾಗೆ. ಜಾರಿ ನೆಲಕ್ಕೆ ದೊಪ್ಪೆಂದು ಬಿತ್ತು.

ಒಂದು ಮೊಳದ ಎತ್ತರವೂ ಇರಲಿಲ್ಲ. ಎತ್ತಿ ನೋಡಿದೆ, ಒಂದು ಮೂಲೆ ಒಂದಿಷ್ಟು ಜಜ್ಜಿತ್ತು. ಗುದ್ದಲಿ ಎಷ್ಟು ಸಲ ಬಿದ್ದಿಲ್ಲ ನಮ್ಮನೆಯಲ್ಲಿ, ಇದೂ ಲೋಹವೇ ತಾನೆ ಎಂದುಕೊಂಡು ಸೆರಗಿನಿಂದ ಮೂರನ್ನೂ ಒರೆಸಿ, ಇದ್ದ ಹಾಗೇ ಜೋಡಿಸಿ, ಮಂಗಳಾರತಿ ತಟ್ಟೆ ಹಿಡಿದು ಅಡುಗೆಮನೆಗೆ ನಡೆದೆ. ಆ ದಿನ ನನ್ನಷ್ಟು ಭಕ್ತಿಯಿಂದ ಯಾರೂ ಗಂಟೆ ಬಾರಿಸಿರಲಾರರು.

ಮೊಮ್ಮಗಳು ಮೂರನ್ನೂ ಕೂರಿಸಿ ಸ್ವಿಚ್ ಒತ್ತಿದಳು. ಒಳಗಿನಿಂದ ಕಟಕ್, ಕಟಕ್, ಕಟಕ್. ಹಲ್ಲಿಲ್ಲದವರು ಅಡಿಕೆ ಅಗಿದ ಹಾಗೆ. ಪರದೆಯ ಮೇಲೆ ಹೊಸದು ಕಾಣಿಸಿತು, ಹಳೆಯದೊಂದು ಕಾಣಿಸಿತು. ಅಕ್ಕನ ಪದ ಇದ್ದದ್ದು ಕಾಣಿಸಲಿಲ್ಲ.

"ಇದ್ಯಾಕ್ ಇಂಗಾಡ್ತಾ ಇದೆ? ಹೊಸದು ಸೇರಿಸಿದ್ದಕ್ಕೆ ಕರೆಂಟ್ ಸಾಲ್ತಿಲ್ವೇನೋ. ಇಲ್ಲಾ ಅಂದ್ರೆ ಹಳೇದಾಯ್ತಲ್ಲ, ಅದಕ್ಕೆ," ಅಂದಳು.

"ಊ ಕಣವ್ವ. ಹಳೇವ್ನ ಯಾವತ್ತೂ ನೆಚ್ಕಳಂಗಿಲ್ಲ," ಅಂದೆ, ಆ ಮನೆಯಲ್ಲಿ ಎಲ್ಲಕ್ಕಿಂತ ಹಳೆಯವಳಾದ ನಾನು.

ಆರಿಸಿ ಮತ್ತೆ ಒತ್ತಿದಳು. ಕಟಕ್, ಕಟಕ್. ಮೂರನೇ ಸಲವೂ ಅದೇ. ಆಗ ಗುಂಡ್ಲುಪೇಟೆಯ ರಿಪೇರಿ ಅಂಗಡಿಯವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ, ದೊಡ್ಡಜ್ಜಿಯ ಪದವಿರುವ ಡಿಸ್ಕು ಕಟಕ್ ಅನ್ನುತ್ತಿದೆ ಎಂದಳು. ಅವಳಿಗೆ ಈ ವಿದ್ಯೆಯ ಓನಾಮ ಹೇಳಿಕೊಟ್ಟ ಸಾಬರು ಅವರು. ಅವಳು ಭಾಯ್ ಅನ್ನುತ್ತಾಳೆ.

"ಬಿದ್ದಿತ್ತಾ ಅದು?" ಅವರ ಮೊದಲ ಪ್ರಶ್ನೆಯೇ ಅದು.

"ಇಲ್ಲ ಭಾಯ್."

"ಯಾರೂ ಬೀಳ್ಸಿಲ್ಲ?"

"ಮನೇಲಿ ನಾನು, ಅಜ್ಜಿ ಇಬ್ರೇ. ಅಜ್ಜಿ ಅದನ್ನ ಮುಟ್ಟೋದೂ ಇಲ್ಲ."

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂದು ಹುಡುಕತೊಡಗಿದೆ.

"ಬಿದ್ದಿಲ್ಲ ಅಂದ್ರೆ ಚಿಂತೆ ಬೇಡ, ಕರೆಂಟ್ ತೊಂದ್ರೆ ಇರ್ಬೇಕು. ವೈರ್ ಬಿಗಿ ಮಾಡಿ ಇನ್ನೊಂದ್ ಸಲ ಆನ್ ಮಾಡಮ್ಮ. ಬಿದ್ದಿದ್ರೆ ಮಾತ್ರ ಕೈ ಹಚ್ಬೇಡ. ಒಳಗಡೆ ತಟ್ಟೆ ತಿರುಗುತ್ತೆ, ಅದರ ಮೇಲೆ ಸೂಜಿ ಥರ ಒಂದು ಇರುತ್ತೆ. ಬಿದ್ದಿರೋದು ಆನ್ ಮಾಡಿದ್ರೆ ಅದು ತಟ್ಟೆ ಗೀಚುತ್ತೆ. ಒಂದೊಂದ್ ಸಲ ಆನ್ ಮಾಡ್ದಾಗ್ಲೂ ನಿಮ್ ದೊಡ್ಡಜ್ಜೀದು ಒಂದೊಂದ್ ಪದ ಹೋಯ್ತು ಅಂತ ಲೆಕ್ಕ."

ಮೂರು ಸಲ ಒತ್ತಿದ್ದಾಳೆ. ಹಾಗಾದರೆ ಮೂರು ಪದ ಹೋದವು. ಯಾವ ಮೂರು? ಹಸೆಗೆ ಕರೆಯುವ ಪದವೇ? ಎಣ್ಣೆ ಒತ್ತುವ ಪದವೇ? ಅಕ್ಕ ಇನ್ನು ಎಷ್ಟು ಹಟ ಹಿಡಿದರೂ ಅವನ್ನು ಮತ್ತೆ ಹೇಳಲಾರಳು. ನನಗೆ ಬರುವುದು ದನಿಗೂಡಿಸಲು ಮಾತ್ರ. ಮೊಮ್ಮಗಳು ವೈರು ಒತ್ತಿ ಬಿಗಿಮಾಡಿ ಸ್ವಿಚ್ಚಿಗೆ ಬೆರಳು ಚಾಚಿದಳು.

"ಬಿದ್ದಿತ್ತು," ಅಂದೆ.

ಬೆರಳು ಅಲ್ಲೇ ನಿಂತಿತು. ಮೊಮ್ಮಗಳು ನನ್ನ ಕಡೆ ತಿರುಗಿದಳು.

"ಯಾವಾಗ?"

"ಬೆಳಿಗ್ಗೆ, ಪೂಜೆ ಮಾಡ್ವಾಗ."

"ಯಾರ್ ಬೀಳ್ಸಿದ್ದು?"

"ಅದೇ ಬಿತ್ತು. ಇಬೂತಿ ಹಚ್ಚನ ಅಂತ ಎತ್ಕಂಡೆ, ಜಾರ್ಬುಡ್ತು."

"ಹಾರ್ಡ್ ಡಿಸ್ಕಿಗೆ ಇಬೂತಿನಾ!"

"ಸ್ಕೂಟಿಗೆ ಹಚ್ದಾಗ ಸುಮ್ಕಿದ್ದಲ್ಲ?"

ಫೋನಿನೊಳಗೆ ಸಾಬರು ಕೆಮ್ಮಿದರು. ನಗುವನ್ನು ನುಂಗಿದ ಕೆಮ್ಮು ಅದು, ನನಗೆ ತಿಳಿಯದ್ದೇನಲ್ಲ. "ಡಬ್ಬಿ ಸಮೇತ ತಗೊಂಡ್ ಬನ್ನಿ. ಅಮ್ಮನ್ನೂ ಕರ್ಕೊಂಡ್ ಬಾ," ಅಂದರು.

ಮೊಮ್ಮಗಳು ಬೈಯಲಿಲ್ಲ. ಬೈದಿದ್ದರೆ ಒಂದಕ್ಕೆರಡು ಹೇಳಿ ಹಗುರಾಗುತ್ತಿದ್ದೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳದಲ್ಲಿ ಚಕ್ರ ಬಿದ್ದಾಗೆಲ್ಲ ಎರಡು ಕೈಯಲ್ಲಿ ಎತ್ತಿ ಹಿಡಿದು ಕೂತಿದ್ದಳು. ತೆರಕಣಾಂಬಿ ದಾಟುವಾಗ ಅಕ್ಕನ ಫೋನು.

"ಎಂಗದ ಕಣಮ್ಮಿ ನನ್ ಗಂಟ್ಲು?"

"ಗುಂಡ್ಲುಪೇಟೆಗೆ ಓಯ್ತಾ ಅದ ಕಣಕ್ಕ."

"ಯಾಕ? ಏನಾಗದ?"

"ಏನಿಲ್ಲ ಬುಡು. ಒಂದೇ ಕಡೆ ಕುಂತು ಕುಂತು ಬೇಜಾರಾಗದಂತ, ಗಾಳಿ ಬದಲಾಗ್ಲಿ ಅಂತ ಕರ್ಕಂಡೋಯ್ತಿವಿ."

ಮೊಮ್ಮಗಳು ಕಿಟಕಿಯ ಕಡೆ ತಿರುಗಿದಳು. ಭುಜ ಅಲುಗುತ್ತಿತ್ತು. ಅಳುವೋ ನಗುವೋ ಕೇಳುವ ಧೈರ್ಯ ನನಗಿರಲಿಲ್ಲ.

ಅಂಗಡಿಯಲ್ಲಿ ಸಾಬರು ಕನ್ನಡಕ ಏರಿಸಿ ಮೂರು ಡಿಸ್ಕನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಯಾವುದರಲ್ಲಿ ಏನಿದೆ, ಪರದೆಯ ಮೇಲೆ ಕಾಣಿಸದಿದ್ದದ್ದು ಯಾವುದು ಎಂದು ಮೊಮ್ಮಗಳನ್ನು ಕೇಳಿಕೊಂಡು, ಒಂದನ್ನು ತಿರುಗಿಸಿ ನನಗೆ ಮೂಲೆ ತೋರಿಸಿದರು. "ಅಮ್ಮ, ನೀವ್ ಬೀಳ್ಸಿದ್ದು ಇದು ತಾನೆ?"

ಜಜ್ಜಿದ ಮೂಲೆ. ಸಂದಿಯಲ್ಲಿ ಇನ್ನೂ ವಿಭೂತಿ. "ಇದೇ ಕಣಪ್ಪ."

"ಕಟಕ್ ಅಂತಿದ್ದದ್ದು ಇದಲ್ಲ, ಅದು." ಪಕ್ಕದ್ದನ್ನು ತೋರಿಸಿದರು. ಅದರ ನಾಲ್ಕು ಮೂಲೆಯೂ ನೆಟ್ಟಗಿದ್ದವು. "ಇದು ನೀವ್ ಬೀಳ್ಸಿದ್ ಮೇಲೂ ಚೆನ್ನಾಗೇ ಇತ್ತು. ಇದರಲ್ಲಿ ಬೇರೆಯವರ ಮದುವೆ ವಿಡಿಯೋ ಇದೆ, ಅಷ್ಟೇ."

ಅವಳಿಗಳಲ್ಲಿ ನಾನು ಬೀಳಿಸಿದ್ದು ಇನ್ನೊಂದನ್ನು! ಊರವರ ಮದುವೆಗೆ ಏನಾದರೂ ಆಗಿದ್ದರೆ ಎಂಬ ಯೋಚನೆ ಬರಬೇಕಿತ್ತು. ನನಗೆ ಬಂದದ್ದು, ಛೆ, ಸುಮ್ಮನೆ ಬಾಯಿಬಿಟ್ಟೆನಲ್ಲ ಎಂಬುದು.

ಸಾಬರು ಆಗಲೇ ಡಬ್ಬಿಯೊಳಗೆ ಟಾರ್ಚ್ ಬಿಟ್ಟಿದ್ದರು. ಒಂದು ವೈರನ್ನು ಎರಡು ಬೆರಳಲ್ಲಿ ಹಿಡಿದು ಈಚೆ ಎಳೆದರು. ಒಂದು ಕಡೆಯಿಂದ ಕರೆಂಟ್ ತೆಗೆದುಕೊಂಡು ಮೂರು ಕಡೆಗೆ ಕವಲಾಗುವ ವೈರು. ಅದರ ಪ್ಲಾಸ್ಟಿಕ್ಕಿನ ಮೂತಿ ಕರಗಿ, ಹೊತ್ತಿಸಿದ ಹಪ್ಪಳದಂತೆ ಕಪ್ಪಾಗಿತ್ತು.

"ಇದು ಯಾರ್ ಹಾಕಿದ್ದು?"

ಈಗ ಕ್ಯಾಲೆಂಡರ್ ನೋಡುವ ಸರದಿ ಮೊಮ್ಮಗಳದು. ಹೊಸದಕ್ಕೆ ಬೇರೆ ವೈರು ಎಳೆಯಲು ಡಬ್ಬಿ ಪೂರ್ತಿ ಬಿಚ್ಚಬೇಕಿತ್ತಂತೆ, ಸೋಮಾರಿತನಕ್ಕೆ ಎಲ್ಲೋ ಸಿಕ್ಕಿದ ಅಗ್ಗದ ಕವಲು ವೈರು ಸಿಕ್ಕಿಸಿದ್ದಳಂತೆ. "ಒಂದ್ ವಾರಕ್ಕೆ ಅಂತ ಹಾಕಿದ್ದೆ ಭಾಯ್," ಅಂದಳು, ನನಗೆ ಕೇಳಿಸದಷ್ಟು ಮೆಲ್ಲಗೆ. ನನಗೆ ಕೇಳಿಸಿತು.

ಸಾಬರು ನನ್ನ ಕಡೆ ತಿರುಗಿ ಹೇಳಿದರು: "ಅಮ್ಮ, ರಾತ್ರಿ ಬಂಡೀಪುರದ ಕಾಡಿನ ಗೇಟ್ ಹಾಕೋ ಹೊತ್ತಿಗೆ ನೋಡಿದ್ದೀರಲ್ಲ, ಎಲ್ಲಾ ಗಾಡಿನೂ ನಾ ಮುಂದೆ ತಾ ಮುಂದೆ ಅಂತ ನುಗ್ತವೆ. ಡಿಸ್ಕೂ ಅಂಗೇ. ತಿರುಗೋಕೆ ಶುರು ಮಾಡೋ ಗಳಿಗೇಲಿ ಎಲ್ಲಕ್ಕೂ ಒಟ್ಟಿಗೇ ಜಾಸ್ತಿ ಕರೆಂಟ್ ಬೇಕು. ಇವಳು ಮೂರನ್ನೂ ಒಂದೇ ಗೇಟಲ್ಲಿ ಬಿಟ್ಟವಳೆ. ತುದೀಲಿದ್ದ ಹಳೇದಕ್ಕೆ ಸಾಲ್ದೆ ಕಟಕ್ ಕಟಕ್ ಅಂತಿತ್ತು. ಇನ್ನೊಂದ್ ಸಲ ಒತ್ತಿದ್ರೆ ಈ ವೈರು ಹತ್ಕೊಂಡು ಮೂರೂ ಒಟ್ಟಿಗೆ ಹೋಗೋವು. ನಾನೇ ಫೋನಲ್ಲಿ ಒತ್ತು ಅಂದ್ಬಿಟ್ಟಿದ್ದೆ, ಅಲ್ಲಾ ಕಾಪಾಡ್ದ. ನೀವು ಬಿದ್ದಿತ್ತು ಅನ್ನದೆ ಹೋಗಿದ್ರೆ ಮುಗೀತಿತ್ತು."

ನಾನು ಮಾಡದ ತಪ್ಪನ್ನು ಒಪ್ಪಿಕೊಂಡದ್ದರಿಂದ ಅಕ್ಕನ ಪದಗಳು ಉಳಿದವು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ.

"ಏನಂದೆ ಕೂಸೆ, ಇಬೂತಿನಾ ಅಂದಲ್ಲ?"

"ಸುಮ್ನಿರಜ್ಜಿ."

ಸಾಬರು ಮೂರಕ್ಕೂ ಬೇರೆ ಬೇರೆ ವೈರು ಎಳೆದು ಸ್ವಿಚ್ ಒತ್ತಿದರು. ಕಟಕ್ ಇಲ್ಲ. ಪರದೆಯ ಮೇಲೆ ಮೂರೂ ಕಾಣಿಸಿದವು. ಹಳೆಯದರಿಂದ ಹೊಸದಕ್ಕೆ ಪದಗಳು ಹೋಗುವಷ್ಟು ಹೊತ್ತು ಪಕ್ಕದ ಮಲಯಾಳಿ ಹೋಟೆಲಿನಿಂದ ಬಾಳೆಹಣ್ಣಿನ ಬಜ್ಜಿ ತರಿಸಿ ತಿಂದೆವು. ನಲವತ್ತೂ ಇದ್ದವು. ನಾನೇ ಒಂದೊಂದನ್ನೂ ಹಾಕಿಸಿ ಮೊದಲ ಸಾಲು ಕೇಳಿಯೇ ಎದ್ದದ್ದು. ಸಾಬರು ಅಂಗಡಿಗೆ ಬಂದ ಇಬ್ಬರನ್ನು ಸ್ವಲ್ಪ ತಡೆಯಿರಿ ಎಂದು ಕೂರಿಸಿದ್ದರು. ಅವರೂ ಕೇಳುತ್ತಾ ಕೂತರು.

ಕಾರ್ತೀಕದಲ್ಲಿ ಅರಿಶಿನ ಶಾಸ್ತ್ರದ ದಿನ ಹರದನಹಳ್ಳಿಯ ಚಪ್ಪರದಲ್ಲಿ ಮೊಮ್ಮಗಳು ಸ್ಪೀಕರ್ ಇಟ್ಟಳು. ನಾನು ಅಕ್ಕನ ಪಕ್ಕ ಕೂತು ಕಿವಿಯಲ್ಲಿ ಹೇಳಿದೆ: "ನಿನ್ ಗಂಟ್ಲ ಉಳಿಸ್ದವ್ಳು ನಾನು ಕಣಕ್ಕ."

"ಬೀಳಿಸ್ದವ್ಳೂ ನೀನೆಯ ಅಂತ ಕೇಳ್ಪಟ್ಟೆ." ಮೊಮ್ಮಗಳು ಮೊದಲೇ ಎಲ್ಲ ಹೇಳಿ ಮುಗಿಸಿದ್ದಾಳೆ! ತನ್ನ ವೈರಿನ ವಿಷಯ ಮಾತ್ರ ಹೇಳಿಲ್ಲ. ಅದನ್ನು ನಾನು ಅಲ್ಲೇ ಹೇಳಿದೆ.

ಪದ ಶುರುವಾಯಿತು. ಆ ಹಳೆಯ ದನಿ ಚಪ್ಪರ ತುಂಬಿತು. ಅಡುಗೆಯವನು ಸೌಟು ಹಿಡಿದು ಬಂದು ನಿಂತ. ಅಕ್ಕ ಕಣ್ಣು ಮುಚ್ಚಿ, ಯಾರೋ ಬೇರೆಯವಳ ಪದ ಪರೀಕ್ಷೆ ಮಾಡುವವಳ ಹಾಗೆ ಕೇಳಿದಳು. ಎರಡನೇ ಸಾಲಿಗೆ ತುಟಿ ಅಲುಗಿತು. ಮೂರನೆಯದಕ್ಕೆ ಅವಳ ಗೊಗ್ಗರು ದನಿ ಸ್ಪೀಕರಿನ ದನಿಯ ಜೊತೆ ಹೊರಟಿತು. ಭುಜಕ್ಕೆ ಭುಜ ತಾಗಿಸಿ ಕೂತ ನನ್ನೊಬ್ಬಳಿಗೇ ಅದು ಕೇಳಿಸಿದ್ದು. ನಾನು ಯಾವಾಗಲೂ ಕೂಡಿಸುವ ಜಾಗದಲ್ಲಿ ದನಿ ಕೂಡಿಸಿದೆ, ಸ್ಪೀಕರಿನ ಒಳಗೂ ಈಚೆಯೂ.

ಪದ ಮುಗಿಯಿತು. ಅಕ್ಕ ಕಣ್ಣು ಬಿಟ್ಟು ಮೊಮ್ಮಗಳನ್ನು ಕರೆದಳು.

"ಇನ್ನೊಂದ್ ಸಲ ಹಾಕು ಕೂಸೆ. ಈ ಸಲ ನಿಮ್ಮಜ್ಜಿ ದನಿಯ ವಸಿ ಕಮ್ಮಿ ಮಾಡು."