ಆರು ಫೋನು, ಒಂದೇ ಬೆರಳು

ಹೋದ ತಿಂಗಳು ನಮ್ಮ ಮಲ್ಲವ್ವನ ಕೈ ಸುಟ್ಟಿತು. ಕಾದ ಹಂಚಿನ ಅಂಚು ತಾಗಿ ಮುಂಗೈ ಮೇಲೆ ಒಂದು ಗೇಣು ಉದ್ದ ಚರ್ಮ ಕೆಂಪಾಯಿತು. ಒಳಗೆ ಓಡಿಹೋಗಿ ಟೂತ್‌ಪೇಸ್ಟ್ ತಂದು, ಅರ್ಧ ಟ್ಯೂಬು ಹಿಂಡಿ ಮೆತ್ತಿದವಳು ನಾನು.

ಸುಟ್ಟ ಗಾಯಕ್ಕೆ ಏನು ಮಾಡಬೇಕು, ಏನು ಮಾಡಬಾರದು ಎಂದು ಕಲಿಸುವ ಆನ್‌ಲೈನ್ ಕೋರ್ಸಿನಲ್ಲಿ ನೂರಕ್ಕೆ ನೂರು ಪಡೆದವಳೂ ನಾನೇ.

ಟೂತ್‌ಪೇಸ್ಟ್ ಹಚ್ಚಬಾರದು ಎಂಬುದು ಆ ಕೋರ್ಸಿನ ಎರಡನೇ ಪಾಠ.

ಇದು ಹೇಗಾಯಿತು? ಹೇಳಿದರೆ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಹೇಳಿಯೇ ಬಿಡುತ್ತೇನೆ.

ಈ ಅಂಕಣ ಓದುವವರಿಗೆ ಗೊತ್ತು, ಗಂಗಾವತಿಯಲ್ಲಿ ನನ್ನದೊಂದು ಜೋಳದ ರೊಟ್ಟಿ ಕೇಂದ್ರ. ನನ್ನನ್ನೂ ಸೇರಿಸಿ ಆರು ಜನ ಹೆಂಗಸರು. ನಾನು ಏಳನೇ ತರಗತಿಗೆ ಸಾಲಿ ಬಿಟ್ಟವಳು. ಅವ್ವ ಶ್ರೀರಾಮನಗರದ ಕಡೆ ಭತ್ತದ ನಾಟಿಗೆ ಹೋಗುತ್ತಿದ್ದಳು, ಮನೆಯಲ್ಲಿ ಕೂಸು ಹಿಡಿಯಲು ಒಬ್ಬರು ಬೇಕಿತ್ತು. ಆ ಕೂಸೇ ನನ್ನ ತಂಗಿ ವಿಜಿ. ಈಗ ಕೊಪ್ಪಳದಲ್ಲಿ ರೂಮು ಮಾಡಿಕೊಂಡು ಎಜುಕೇಶನಲ್ ಟೆಕ್ನಾಲಜಿ ಓದುತ್ತಾಳೆ. (ಈ ಹೆಸರನ್ನು ನಾಲ್ಕು ಸಲ ಕೇಳಿ ಬರೆದುಕೊಂಡಿದ್ದೇನೆ.) ಹಾಗಂದರೆ ಏನು ಅಂತ ಕೇಳಿದರೆ, "ಫೋನಿನ್ಯಾಗ ಪಾಠ ಹ್ಯಾಂಗ ಕಟ್ಟಬೇಕು ಅನ್ನೋದನ್ನ ಕಲಿಯೋದು, ಅಕ್ಕಾ" ಅಂದಳು. ಪಾಠವನ್ನೂ ಕಟ್ಟುತ್ತಾರಾ? ಕಟ್ಟುತ್ತಾರಂತೆ, ಗೋಡೆ ಕಟ್ಟಿದ ಹಾಗೆ.

ಪರೀಕ್ಷೆಗೆ ಅವಳು ಒಂದು ಕೋರ್ಸ್ ಕಟ್ಟಿ, ಅದನ್ನು ನಿಜವಾದ ಮಂದಿಗೆ ಕಲಿಸಿ, ಏನಾಯಿತು ಎಂದು ವರದಿ ಬರೆಯಬೇಕಿತ್ತು. ಒಲೆ ಮುಂದೆ ದುಡಿಯುವ ಹೆಂಗಸರ ಸುರಕ್ಷತೆ ಅಂತ ವಿಷಯ ಆರಿಸಿಕೊಂಡಳು. ಐದು ಪಾಠ. ಎರಡು ನಿಮಿಷಕ್ಕೊಮ್ಮೆ ವಿಡಿಯೊ ನಿಲ್ಲುತ್ತದೆ. ಕೆಳಗೆ ಎರಡು ಬಟನ್: "ತಿಳಿಯಿತು", "ತಿಳಿಯಲಿಲ್ಲ". ಪಾಠದ ಕೊನೆಗೆ ಹತ್ತು ಪ್ರಶ್ನೆ.

ಕಲಿಯುವವರು ಯಾರು? ನಾವೇ ಆರು ಜನ.

ಫೋನುಗಳಿಗೆ ಕೋರ್ಸ್ ಹಾಕಿಕೊಟ್ಟ ದಿನ ವಿಜಿ ಎಲ್ಲರನ್ನೂ ಕೂರಿಸಿ ಹೇಳಿದಳು. "ಯಾರೂ ಪಾಸಾಗಬೇಕಂತಿಲ್ರಿ. ತಿಳಿಯದಿದ್ರ ತಿಳಿಯಲಿಲ್ಲ ಅಂತ ಒತ್ರಿ. ಬ್ಯಾಸರಾದ್ರ ನಡುವ ಬಿಟ್ಟುಬಿಡ್ರಿ. ನೀವು ಎಲ್ಲಿ ನಿಂತ್ರಿ ಅನ್ನೋದ ನನಗ ಬೇಕು. ಅಲ್ಲೇ ನನ್ನ ತಪ್ಪು ಇರತೈತಿ."

"ಇಂಥಾ ಮಾಸ್ತರು ನಮ್ಮ ಸಾಲ್ಯಾಗ ಇದ್ದಿದ್ರ ನಾನೂ ಮ್ಯಾಟ್ರಿಕ್ ಆಗತಿದ್ನೆವ್ವಾ" ಅಂದಳು ಮಲ್ಲವ್ವ. ನಮ್ಮಲ್ಲಿ ಹಿರಿಯಳು ಅವಳೇ.

ಮರುದಿನವೇ ಗೊತ್ತಾಯಿತು, ವಿಜಿ ಒಂದು ವಿಷಯ ಮರೆತಿದ್ದಳು. ರೊಟ್ಟಿ ಬಡಿಯುವವರ ಎರಡೂ ಕೈಗೆ ಹಿಟ್ಟು ಮೆತ್ತಿರುತ್ತದೆ. ಎರಡು ನಿಮಿಷಕ್ಕೊಮ್ಮೆ ಬಟನ್ ಒತ್ತುವುದು ಹೇಗೆ?

"ಅಕ್ಕಾರ, ಮೂಗಿಲೆ ಒತ್ತಲೇನ್ರಿ?" ಅಂದಳು ಹುಸೇನ್‌ಬಿ.

"ನಿನ್ನ ಮೂಗಿಲೆ ಒತ್ತಿದ್ರ ಫೋನ ಒಡೀತೈತಿ ಬಿಡು" ಅಂದಳು ಮಲ್ಲವ್ವ.

ನಕ್ಕೆವು. ಫೋನುಗಳು ಪಕ್ಕಕ್ಕೆ ಸರಿದವು. ಆ ವಾರ ಕಾರಟಗಿಯ ಒಂದು ಮದುವೆಗೆ ಎರಡು ಸಾವಿರ ಖಡಕ್ ರೊಟ್ಟಿಯ ಆರ್ಡರ್ ಬೇರೆ ಇತ್ತು.

ಇಲ್ಲಿಂದ ನನ್ನ ಕಥೆ.

ನಾನು ಆರೂ ಫೋನುಗಳನ್ನು ಹಿಟ್ಟಿನ ಚೀಲದ ಮೇಲೆ ಸಾಲಾಗಿ ಇಟ್ಟುಕೊಂಡೆ. ಕೈ ತೊಳೆದು ಸೆರಗಿಗೆ ಒರೆಸಿಕೊಂಡೆ. ಧ್ವನಿ ಬಂದ್ ಮಾಡಿದೆ. (ಆರು ವಿಜಿಗಳು ಒಟ್ಟಿಗೆ ಮಾತಾಡಿದರೆ ಯಾರು ತಡೆದುಕೊಂಡಾರು?) ವಿಡಿಯೊ ನಿಂತಾಗಲೆಲ್ಲ ಈ ತುದಿಯಿಂದ ಆ ತುದಿಗೆ ಒತ್ತುತ್ತಾ ಹೋದೆ. ತಿಳಿಯಿತು, ತಿಳಿಯಿತು, ತಿಳಿಯಿತು.

"ಏನ್ ಮಾಡಾಕತ್ತೀರಿ ಅಕ್ಕಾರ?"

"ನಿಮ್ಮ ಪರೀಕ್ಷಾ ಬರ್ಯಾಕತ್ತೀನಿ. ನೀವು ರೊಟ್ಟಿ ಬಡೀರಿ."

ಪ್ರಶ್ನೆಗಳಿಗೆ ಉತ್ತರ ಹೇಗೆ ಗೊತ್ತಾಯಿತು ಅಂತ ಕೇಳುತ್ತೀರಾ? ನಾಲ್ಕು ಉತ್ತರಗಳಲ್ಲಿ ಯಾವುದು ಉದ್ದವಾಗಿದೆಯೋ ಅದೇ ಸರಿ. ಪಾಪ, ವಿಜಿ ಸರಿ ಉತ್ತರವನ್ನು ಕಾಳಜಿಯಿಂದ ವಿವರವಾಗಿ ಬರೆದಿದ್ದಳು, ತಪ್ಪು ಉತ್ತರಗಳನ್ನು ಎರಡೆರಡು ಪದದಲ್ಲಿ ಮುಗಿಸಿದ್ದಳು. ಓದುವ ಅಗತ್ಯವೇ ಬೀಳಲಿಲ್ಲ, ಉದ್ದ ನೋಡಿದರೆ ಸಾಕು. ಮೂರು ದಿನದಲ್ಲಿ ಐದೂ ಪಾಠ ಮುಗಿದವು.

ಯಾಕೆ ಹೀಗೆ ಮಾಡಿದೆ? ಮದುವೆ ಆರ್ಡರ್ ಇತ್ತು, ಕೈಗೆ ಹಿಟ್ಟಿತ್ತು, ಮನೆಯ ಹುಡುಗಿ ಮಾಡಿದ್ದಕ್ಕೆ ಯಾರಾದರೂ 'ತಿಳಿಯಲಿಲ್ಲ' ಅಂದರೆ ಅವಳ ಮನಸ್ಸು ನೊಂದೀತು ಅನ್ನಿಸಿತು. ಇವೆಲ್ಲ ಸುಳ್ಳಲ್ಲ. ಆದರೆ ಒಳಗಿನ ಮಾತು ಬೇರೆ.

ಮೊದಲ ದಿನ ನಾನೊಬ್ಬಳೇ ಕೂತು, ಸುಟ್ಟ ಗಾಯದ್ದು ಅಂತ ನೇರವಾಗಿ ಎರಡನೇ ಪಾಠ ನೋಡಲು ಹೋಗಿದ್ದೆ. ನನ್ನ ವಿಜಿ ಪರದೆಯ ಮೇಲೆ ನಿಂತು 'ಗಾಯದ ತೀವ್ರತೆಯನ್ನು ಆಧರಿಸಿ' ಅಂತ ಶುರು ಮಾಡಿದಳು. ತೀವ್ರತೆ ಅಂದರೇನು ಅಂತ ನಾನು ಯೋಚಿಸುವಷ್ಟರಲ್ಲಿ ಅವಳು ಮುಂದಿನ ನಾಲ್ಕು ಮಾತು ಆಡಿ ಮುಗಿಸಿದ್ದಳು. ನನಗೆ ತಿಳಿಯಲಿಲ್ಲ. ಬೆರಳು 'ತಿಳಿಯಲಿಲ್ಲ' ಬಟನ್ ಹತ್ತಿರ ಹೋಯಿತು. ಅಲ್ಲೇ ನಿಂತಿತು.

ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸಿನ ಮುಂದೆ, ಅವಳ ಕಂಪ್ಯೂಟರಿನಲ್ಲಿ, ನನ್ನ ಹೆಸರಿನ ಎದುರಿಗೆ 'ತಿಳಿಯಲಿಲ್ಲ' ಅಂತ ಬರಬೇಕೆ? ಪತ್ರಿಕೆಯಲ್ಲಿ ಬರೆಯುವವಳು ನಾನು. ಮರುದಿನದಿಂದ ಎಲ್ಲರ ಪರವಾಗಿ ತಿಳಿದುಕೊಂಡುಬಿಟ್ಟೆ.

ವಾರದ ನಂತರ ವಿಜಿ ಫೋನ್ ಮಾಡಿದಳು. ದನಿಯಲ್ಲೇ ಕುಣಿಯುತ್ತಿದ್ದಳು. "ಅಕ್ಕಾ, ಒಬ್ರೂ ನಡುವ ಬಿಟ್ಟಿಲ್ಲ. ಎಲ್ಲಾರಿಗೂ ನೂರಕ್ಕ ನೂರು. ಹಿಂಗಾದ್ರ ಕುಷ್ಟಗಿ, ಯಲಬುರ್ಗಾ ಕಡೆ ರೊಟ್ಟಿ ಕೇಂದ್ರಕ್ಕೆಲ್ಲಾ ಇದನ್ನ ಕಳಸೂಣು ಅಂದ್ರು ಗೈಡ್ ಮೇಡಂ."

ನಾನು ಖುಷಿಗೆ ಎಲ್ಲರಿಗೂ ಮಿರ್ಚಿ ಭಜಿ ತರಿಸಿದೆ. ತಿನ್ನುವಾಗ ಯಾರೂ ಕೋರ್ಸಿನ ಮಾತೆತ್ತಲಿಲ್ಲ.

ಆಮೇಲಿನ ಶನಿವಾರವೇ ಮಲ್ಲವ್ವನ ಕೈ ಸುಟ್ಟಿದ್ದು. ಅದೇ ಮಧ್ಯಾಹ್ನ ವಿಜಿ ಊರಿಗೆ ಬಂದಳು. ಪೇಸ್ಟ್ ಒಣಗಿ ಸುಣ್ಣದ ಗೋಡೆಯ ಹಾಗೆ ಬಿರುಕು ಬಿಟ್ಟಿತ್ತು.

"ದೊಡ್ಡವ್ವಾ, ಇದೇನು?"

"ಪೇಸ್ಟ್ ಯವ್ವಾ. ತಣ್ಣಗಾಗಲಿ ಅಂತ."

"ಎರಡನೇ ಪಾಠದಾಗ ಹಚ್ಚಬ್ಯಾಡ್ರಿ ಅಂತ ಹೇಳಿದ್ನೆಲ್ಲಾ? ನಿಮಗ ಹತ್ತಕ್ಕ ಹತ್ತು ಬಂದಿತ್ತಲ್ಲ?"

ಮಲ್ಲವ್ವ ನನ್ನ ಕಡೆ ನೋಡಿದಳು. ನಾನು ರೊಟ್ಟಿ ಜೋಡಿಸುವ ನೆಪದಲ್ಲಿ ಬೆನ್ನು ತಿರುಗಿಸಿದೆ.

"ಮರತೆವ್ವಾ" ಅಂದಳು ಮಲ್ಲವ್ವ. "ವಯಸ್ಸಾತು. ತಲಿಯಾಗ ಏನೂ ನಿಂದ್ರೂದಿಲ್ಲ."

ಕೈ ಸುಟ್ಟುಕೊಂಡವಳು ಅವಳು, ಸುಳ್ಳು ಹೇಳಿದವಳೂ ಅವಳೇ. ನನಗೋಸ್ಕರ. ನಾನು ಮಾತ್ರ ಬಾಯಿ ಬಿಡಲಿಲ್ಲ. ದವಾಖಾನೆಯಲ್ಲಿ ನರ್ಸಮ್ಮ ಒಣಗಿದ ಪೇಸ್ಟ್ ತೆಗೆಯುವಾಗ ಮಲ್ಲವ್ವ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಆಗಲೂ ಬಿಡಲಿಲ್ಲ.

ಭಾನುವಾರ ಇಡೀ ದಿನ ವಿಜಿ ಲ್ಯಾಪ್‌ಟಾಪ್ ಮುಂದೆ ಕೂತಳು. 'ಕಲಿತದ್ದು ನೆನಪಿನಲ್ಲಿ ಉಳಿಯುತ್ತಿಲ್ಲ, ಪುನರಾವರ್ತನೆ ಸೇರಿಸಬೇಕು' ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇನ್ನೂ ಮೂರು ಪಾಠ ಕಟ್ಟತೊಡಗಿದಳು. ಹರಿದದ್ದು ಒಂದು ಕಡೆ, ಅವಳು ತೇಪೆ ಹಾಕುತ್ತಿದ್ದದ್ದು ಇನ್ನೊಂದು ಕಡೆ. ಚಹಾ ಒಯ್ದು ಕೊಡುತ್ತಾ ಅದನ್ನು ನೋಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಅವಳನ್ನು ಕೊಪ್ಪಳದ ಬಸ್ಸಿಗೆ ಹತ್ತಿಸಲು ಹೋದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. "ಇದೊಂದು ಸರಿ ಮಾಡಿ ಈ ವಾರನ ಕುಷ್ಟಗಿಗೆ ಕಳಸ್ತೀನಕ್ಕಾ" ಅಂದಳು.

ಕುಷ್ಟಗಿಯಲ್ಲೂ ಹಂಚು ಕಾಯುತ್ತದೆ. ಅಲ್ಲೂ ಒಬ್ಬ ಮಲ್ಲವ್ವ ಇರುತ್ತಾಳೆ.

"ವಿಜಿ, ಇಳಿ" ಅಂದೆ. "ಅವರ‍್ಯಾರೂ ಪಾಠ ನೋಡಿಲ್ಲ. ಎಲ್ಲಾ ಫೋನಿನ್ಯಾಗೂ ನಾನ ಒತ್ತೀನಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಎದ್ದು ನಿಂತಳು. ಮತ್ತೆ ಕೂತಳು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಅಕ್ಕಾರ, ಇವರು ಬರ‍್ತಾರೋ ಇಳೀತಾರೋ? ಬಸ್ ಬಿಡಬೇಕ್ರಿ" ಅಂದ. ಇಳಿದಳು.

ಕಲ್ಲಿನ ಕಟ್ಟೆಯ ಮೇಲೆ ಕೂತೆವು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ನೀ ಆದ್ರೂ ನೋಡಿದ್ಯಾ?"

"ಎರಡು ನಿಮಿಷ."

"ಎಲ್ಲಿ ನಿಂತಿ?"

"ತೀವ್ರತೆ ಅಂದ್ಯಲ್ಲ, ಅಲ್ಲಿ."

"ಅದನ್ನ ಒತ್ತಿದ್ರ ಸಾಕಾಗಿತ್ತಕ್ಕಾ" ಅಂದಳು. ಬಹಳ ಮೆಲ್ಲಗೆ.

ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಅವಳು ಓದು ಕಳೆದುಕೊಂಡಾಳು ಅಂತ ಹೆದರಿ, "ಮೇಡಂಗ ಹೇಳಬ್ಯಾಡ. ಹೆಂಗೂ ಪಾಸಾಗೇತಿ" ಅಂದೆ.

ವಿಜಿ ನನ್ನನ್ನು ನೋಡಿದಳು. "ನೀನೂ ಪಾಸಾಗಿದ್ಯಲ್ಲ, ಅಕ್ಕಾ" ಅಂದಳು.

ಕೊಪ್ಪಳಕ್ಕೆ ಹೋಗದೆ ನನ್ನ ಹಿಂದೆಯೇ ಕೇಂದ್ರಕ್ಕೆ ಬಂದಳು. ಒಲೆ ಆರಿಸಿ, ಎಲ್ಲರೂ ಕೈ ತೊಳೆದ ಮೇಲೆ ಎರಡನೇ ಪಾಠ ಹಾಕಿದಳು. ಪರದೆಯ ಮೇಲೆ ಒಬ್ಬಾಕೆ ನಳ ತಿರುವಿ, ಸುಟ್ಟ ಕೈಯನ್ನು ಹರಿಯುವ ನೀರಿನ ಕೆಳಗೆ ಹಿಡಿದಳು. ಹೀಗೆ ಇಪ್ಪತ್ತು ನಿಮಿಷ ಹಿಡಿಯಬೇಕು ಅಂತ ವಿಜಿಯ ದನಿ ಬಂತು.

"ನಿಂದ್ರಸವ್ವಾ" ಅಂದಳು ಮಲ್ಲವ್ವ, ಕೈಗೆ ಬ್ಯಾಂಡೇಜು. "ನಮ್ಮಲ್ಲಿ ನಳ ಬರೋದು ನಾಕು ದಿನಕ್ಕೊಮ್ಮೆ. ಇಪ್ಪತ್ತು ನಿಮಿಷ ಯಾವ ನಳ ಹಿಡೀಲಿ? ಕೊಡದಾಗಿನ ನೀರು ಚರಿಗಿಲೆ ಹಾಕ್ಕೋಂತ ಕುಂತ್ರ ನಡೀತೈತೋ ಇಲ್ಲೋ, ಅದನ್ನ ಹೇಳು."

"ನೀರು ಬಿದ್ರ ಬೊಬ್ಬಿ ಏಳತಾವ ಅಂತಾರಲ್ಲವ್ವಾ" ಅಂದಳು ಹುಸೇನ್‌ಬಿ. "ಅದಕ್ಕ ಯಾರೂ ನೀರು ಮುಟ್ಟಸೂದಿಲ್ಲ. ಏಳೂದಿಲ್ಲ ಅಂತ ನೀ ಎಲ್ಲಿ ಹೇಳಿದಿ?"

ಹತ್ತು ನಿಮಿಷದಲ್ಲಿ ನಾಲ್ಕು ಪುಟ ತುಂಬಿತು ವಿಜಿಯ ನೋಟ್‌ಬುಕ್ಕು. ಕೊಡದ ನೀರು ನಡೆಯುತ್ತದೆ, ಬೊಬ್ಬೆ ಏಳುವುದು ನೀರಿನಿಂದಲ್ಲ ಬೆಂಕಿಯಿಂದ ಅಂತ ಅವಳು ಹೇಳಿದಳು. ಎಲ್ಲರೂ ಕೇಳಿದರು. ನಾನೂ ಆಗಲೇ ಮೊದಲ ಸಲ ಕೇಳಿದ್ದು. ಈ ಮಾತುಗಳೆಲ್ಲ ಈ ಹೆಂಗಸರ ಬಾಯಲ್ಲೇ ಇದ್ದವು. ಅವು ಹೊರಗೆ ಬರದ ಹಾಗೆ ಬೆರಳು ಅಡ್ಡ ಇಟ್ಟವಳು ನಾನು.

ಒಂದು ಕೇಳುತ್ತೇನೆ. ಡಾಕ್ಟರು ಚೀಟಿ ಬರೆದು "ತಿಳೀತೇನು?" ಅಂದರೆ ನೀವೇನು ಹೇಳುತ್ತೀರಿ? "ತಿಳೀತ್ರಿ" ಅಲ್ಲವೇ? ಆಮೇಲೆ ಹೊರಗೆ ಬಂದು ಔಷಧಿ ಅಂಗಡಿಯವನನ್ನು ಕೇಳುತ್ತೀರಿ. ಸಾಲಿಯಲ್ಲೂ ಇಡೀ ವರ್ಗ ಒಂದೇ ದನಿಯಲ್ಲಿ "ತಿಳೀತ್ರೀ ಸರ್" ಅನ್ನುತ್ತಿದ್ದೆವು. ದೊಡ್ಡವರಿಗೆ ಮರ್ಯಾದೆ ಕೊಡಲು 'ತಿಳೀತ್ರಿ' ಅನ್ನುತ್ತೇವೆ, ಚಿಕ್ಕವರ ಮನಸ್ಸು ನೋಯದಿರಲೂ ಅದನ್ನೇ ಅನ್ನುತ್ತೇವೆ. ಹಾಗಾದರೆ 'ತಿಳಿಯಲಿಲ್ಲ' ಅಂತ ಯಾರ ಮುಂದೆ ಹೇಳುವುದು? ನನಗಿನ್ನೂ ಗೊತ್ತಾಗಿಲ್ಲ.

ವಿಜಿ ಮೇಡಂಗೆ ಎಲ್ಲ ಹೇಳಿದಳು. ಪಾಸು ತಡೆದಿದ್ದಾರೆ. ಇನ್ನೊಂದು ಆರು ತಿಂಗಳು ಅವಳು ರೂಮಿನಲ್ಲಿದ್ದು ಕೋರ್ಸನ್ನು ಮೊದಲಿಂದ ಕಟ್ಟಬೇಕು. ಮಲ್ಲವ್ವ ಮತ್ತೆ ರೊಟ್ಟಿ ಬಡಿಯುತ್ತಿದ್ದಾಳೆ, ಕೈ ಮೇಲೆ ಕಲೆ ಉಳಿದಿದೆ. ಇಬ್ಬರೂ ನನಗೆ ಒಂದು ಮಾತು ಅಂದಿಲ್ಲ. ಅಂದಿದ್ದರೆ ಚಲೋ ಇತ್ತು.

ಮೊನ್ನೆ ವಿಜಿ ತನ್ನ ವರದಿ ಓದಿ ಹೇಳಿದಳು. 'ನಾನು ಕಲಿತ ಪಾಠಗಳು' ಎಂಬ ಭಾಗ. ಹಿಟ್ಟಿನ ಕೈ ಇದೆ, ಉದ್ದದ ಉತ್ತರ ಇದೆ, ನಳ ಇದೆ, ಬೊಬ್ಬೆ ಇದೆ. ನನ್ನ ಹೆಸರು ಎಲ್ಲೂ ಇಲ್ಲ. ಕೊನೆಗೆ ಒಂದು ಸಾಲು: 'ನಮ್ಮ ಮೇಲೆ ಪ್ರೀತಿ ಇರುವವರ ಬಳಿ ಪಾಠವನ್ನು ಪರೀಕ್ಷಿಸಬಾರದು, ಇದು ನನ್ನ ತಪ್ಪು.'

ಮುಂದಿನ ಸಲ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಗೆ ಹೋಗುತ್ತಾಳಂತೆ. (ಸಮುದ್ರದ ಮಂಗಳೂರಲ್ಲ.) ಅಲ್ಲಿ ಅವಳ ಗುರುತಿನವರು ಒಬ್ಬರೂ ಇಲ್ಲ. ಅದಕ್ಕೇ ಹೋಗುತ್ತಾಳಂತೆ.

ನೀವೇ ಹೇಳಿ, ನನ್ನ ತಂಗಿ ನನ್ನನ್ನು ಕ್ಷಮಿಸಿದ್ದಾಳೋ, ಹೊರಗಿಟ್ಟಿದ್ದಾಳೋ?